ದುಬೈ, ಅಬುಧಾಬಿ, ಶಾರ್ಜಾ: ವಿಮಾನ ಬದಲಿಸಲು ಯಾವುದು ಅನುಕೂಲ?

ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಹೊರದೇಶಕ್ಕೆ ಟಿಕೆಟ್ ಹುಡುಕಲು ಕುಳಿತವರಿಗೆ ಸಂಯುಕ್ತ ಅರಬ್ ಸಂಸ್ಥಾನದ, ಅಂದರೆ ಯುಎಇಯ, ಮೂರು ಊರುಗಳ ಹೆಸರು ಎದುರಾಗದೆ ಇರುವುದಿಲ್ಲ. ದುಬೈ, ಅಬುಧಾಬಿ, ಶಾರ್ಜಾ ಮೂರೂ ಒಂದೇ ಮರುಭೂಮಿ ರಾಷ್ಟ್ರದಲ್ಲಿ, ಒಂದೇ ಕರಾವಳಿಯ ಪಟ್ಟಿಯಲ್ಲಿ ಇರುವುದರಿಂದ ಯಾವುದಾದರೇನು ಎಂದುಕೊಂಡು, ದರ ಎಲ್ಲಿ ಕಡಿಮೆಯೋ ಅಲ್ಲಿಗೆ ಬೆರಳೊತ್ತಿಬಿಡುವುದು ನಮ್ಮ ರೂಢಿ. ಆದರೆ ವಿಮಾನ ಬದಲಿಸುವ ಕೆಲಸ ಮೂರರಲ್ಲೂ ಮೂರು ಬಗೆ. ದುಬೈಯಲ್ಲಂತೂ ಒಂದೇ ನಿಲ್ದಾಣದೊಳಗೆ ಎರಡು ಬಗೆ. ಈ ಹಾದಿಯಲ್ಲಿ ಹತ್ತಾರು ಸಲ ಓಡಾಡಿ, ಒಂದೆರಡು ಸಲ ಎಡವಿ, ನಾನು ರೂಢಿಸಿಕೊಂಡ ಕ್ರಮ ಹೀಗಿದೆ: ಮೊದಲು ಟಿಕೆಟ್ ಒಂದೋ ಎರಡೋ ಎಂದು ನೋಡುತ್ತೇನೆ, ಆಮೇಲೆ ಇಳಿಯುವ ಮತ್ತು ಹತ್ತುವ ಟರ್ಮಿನಲ್ ಯಾವುದೆಂದು ನೋಡುತ್ತೇನೆ, ದರ ನೋಡುವುದು ಅದರ ನಂತರ.

ಒಂದು ಟಿಕೆಟ್, ಎರಡು ಟಿಕೆಟ್

ಬೆಂಗಳೂರಿನಿಂದ ಕೊನೆಯ ಊರಿನವರೆಗೆ ಒಂದೇ ಪಿಎನ್ಆರ್‌ನಲ್ಲಿ ಟಿಕೆಟ್ ಇದ್ದರೆ, ಲಗೇಜನ್ನು ಬೆಂಗಳೂರಿನಲ್ಲಿ ಒಪ್ಪಿಸಿ ಕೊನೆಯ ಊರಿನಲ್ಲಿ ಪಡೆಯಬಹುದು. ಎರಡನೆಯ ವಿಮಾನದ ಬೋರ್ಡಿಂಗ್ ಪಾಸು ಹೊರಡುವಾಗಲೇ ಕೈಗೆ ಬರುತ್ತದೆ, ಮಧ್ಯದ ಊರಿನಲ್ಲಿ ಇಮಿಗ್ರೇಷನ್ ದಾಟಬೇಕಾಗಿಲ್ಲ, ಆದ್ದರಿಂದ ಯುಎಇಯ ವೀಸಾ ಕೂಡ ಬೇಕಾಗುವುದಿಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನ ವಿಮಾನದಲ್ಲಿ ಜಾಗ ಕೊಡುವ ಹೊಣೆ ಟಿಕೆಟ್ ಕೊಟ್ಟ ಸಂಸ್ಥೆಯದು. ಎರಡು ಬೇರೆ ಬೇರೆ ಟಿಕೆಟ್ ಕೊಂಡವರಿಗೆ ಇದರಲ್ಲಿ ಯಾವುದೂ ಇಲ್ಲ. ಸಂಸ್ಥೆಗಳ ಲೆಕ್ಕದಲ್ಲಿ ಅವರು ದುಬೈಗೆ ಬಂದಿಳಿದ ಒಬ್ಬ ಪ್ರಯಾಣಿಕ ಮತ್ತು ದುಬೈಯಿಂದ ಹೊರಟ ಇನ್ನೊಬ್ಬ ಪ್ರಯಾಣಿಕ; ಇಬ್ಬರೂ ಒಬ್ಬರೇ ಎಂಬುದು ಯಾರಿಗೂ ಸಂಬಂಧಿಸಿದ ಸಂಗತಿಯಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಕರಾವಳಿಯಿಂದ ದುಬೈಗೆ ಒಂದು ಸಂಸ್ಥೆಯ ಟಿಕೆಟ್ಟನ್ನೂ ದುಬೈಯಿಂದ ಯುರೋಪಿಗೆ ಇನ್ನೊಂದು ಸಂಸ್ಥೆಯ ಟಿಕೆಟ್ಟನ್ನೂ ಕೊಂಡು, ಹನ್ನೊಂದು ಸಾವಿರ ರೂಪಾಯಿ ಉಳಿಸಿದೆನೆಂದು ಮನೆಯಲ್ಲಿ ಹೇಳಿಕೊಂಡಿದ್ದೆ. ಚೆಕ್-ಇನ್ ಕೌಂಟರಿನಲ್ಲಿದ್ದ ತರುಣಿ ಪಾಸ್‌ಪೋರ್ಟಿನ ಹಾಳೆಗಳನ್ನು ಎರಡು ಸಲ ಹಿಂದಕ್ಕೂ ಮುಂದಕ್ಕೂ ತಿರುವಿ, “ಯುಎಇ ವೀಸಾ ಎಲ್ಲಿದೆ ಸರ್?” ಎಂದು ಕೇಳಿದರು. ನಾನು ದುಬೈಗೆ ಹೋಗುತ್ತಿಲ್ಲ, ಅಲ್ಲಿಂದ ಮುಂದಕ್ಕೆ ಹೋಗುವವನು ಎಂದೆ. “ನಮ್ಮ ಕಂಪ್ಯೂಟರಿನಲ್ಲಿ ನೀವು ದುಬೈಗೇ ಹೋಗುವವರು” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಸೂಟ್‌ಕೇಸು ದುಬೈಯ ಬೆಲ್ಟಿನ ಮೇಲೆ ಬಂದು ಬೀಳುವಂಥದ್ದು. ಅದನ್ನು ಎತ್ತಿಕೊಳ್ಳಲು ನಾನು ಇಮಿಗ್ರೇಷನ್ ದಾಟಲೇಬೇಕು. ದಾಟಲು ವೀಸಾ ಬೇಕು. ಆ ದಿನ ಎರಡೂ ಟಿಕೆಟ್ ಕೈಬಿಟ್ಟು ಮನೆಗೆ ಮರಳಿದೆ. ಕೈಚೀಲ ಮಾತ್ರ ಇಟ್ಟುಕೊಂಡು ಮುಂದಿನ ಬೋರ್ಡಿಂಗ್ ಪಾಸನ್ನು ಫೋನಿನಲ್ಲಿ ತೋರಿಸಿದವರನ್ನು ಕೆಲವೊಮ್ಮೆ ಹತ್ತಿಸಿಕೊಳ್ಳುವುದುಂಟು, ಆದರೆ ಅದು ಕೌಂಟರಿನಲ್ಲಿರುವವರ ವಿವೇಚನೆಗೆ ಬಿಟ್ಟದ್ದಾದ್ದರಿಂದ ಅದನ್ನು ನಂಬಿ ಪ್ರಯಾಣ ಯೋಜಿಸುವುದು ಜಾಣತನವಲ್ಲ.

ಮಂಗಳೂರಿನವರಿಗೆ ಈ ಪ್ರಶ್ನೆ ಬೆಂಗಳೂರಿನವರಿಗಿಂತ ಹೆಚ್ಚು ಬಾಧಿಸುತ್ತದೆ. ಬಜ್ಪೆಯಿಂದ ಕೊಲ್ಲಿಗೆ ಹಾರುವುದು ಏರ್ ಇಂಡಿಯಾ ಎಕ್ಸ್‌ಪ್ರೆಸ್, ಇಂಡಿಗೊದಂಥ ನಮ್ಮ ದೇಶದ ಸಂಸ್ಥೆಗಳು. ದುಬೈಯ ಎಮಿರೇಟ್ಸ್ ಆಗಲಿ ಅಬುಧಾಬಿಯ ಎತಿಹಾದ್ ಆಗಲಿ ಅಲ್ಲಿಗೆ ಬರುವುದಿಲ್ಲ. ಹೀಗಾಗಿ ಮುಂದಕ್ಕೆ ಹೋಗುವವರು ದುಬೈಯಲ್ಲಿ ತಾವೇ ಟಿಕೆಟ್ ಜೋಡಿಸಿಕೊಳ್ಳಬೇಕು, ಇಲ್ಲವೇ ರಾತ್ರಿ ಬಸ್ಸಿನಲ್ಲೋ ವಿಮಾನದಲ್ಲೋ ಬೆಂಗಳೂರಿಗೆ ಬಂದು ಅಲ್ಲಿಂದ ಒಂದೇ ಟಿಕೆಟ್ಟಿನಲ್ಲಿ ಹೊರಡಬೇಕು. ನಕ್ಷೆಯ ಮೇಲೆ ಎರಡನೆಯದು ಸುತ್ತುದಾರಿಯಾಗಿ ಕಂಡರೂ ನನ್ನ ಮತ ಅದಕ್ಕೇ. ಘಟ್ಟ ಹತ್ತುವ ಒಂದು ರಾತ್ರಿಯ ದಣಿವು ದೊಡ್ಡದಲ್ಲ. ವಿಮಾನದಲ್ಲಿ ಬೆಂಗಳೂರಿಗೆ ಬರುವವರು ಒಂದು ಸಂಗತಿ ನೆನಪಿಡಬೇಕು: 2023ರ ಸೆಪ್ಟೆಂಬರಿನಿಂದ ಕೆಂಪೇಗೌಡ ನಿಲ್ದಾಣದ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ, ಇಂಡಿಗೊದ ದೇಶೀಯ ವಿಮಾನಗಳು ಇಳಿಯುವುದು ಒಂದನೆಯದರಲ್ಲಿ.

ದುಬೈ: ಒಂದು ಹೆಸರು, ರನ್‌ವೇಯ ಎರಡು ದಡ

ದುಬೈ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದದ್ದು 1960ರಲ್ಲಿ. ಅಂದಿನಿಂದ ಅದು ಕೂಡುಕುಟುಂಬದ ಮನೆಯಂತೆ ಅಗತ್ಯ ಬಿದ್ದಾಗಲೆಲ್ಲ ಒಂದೊಂದು ಅಂಕಣ ಸೇರಿಸಿಕೊಂಡು ಬೆಳೆದಿದೆ, ಹೊಸಬರಿಗೆ ಅದು ಗೋಜಲಾಗಿ ಕಾಣುವುದಕ್ಕೆ ಕಾರಣವೂ ಅದೇ. 2024ರಲ್ಲಿ 9.23 ಕೋಟಿ ಪ್ರಯಾಣಿಕರು ಇದರ ಮೂಲಕ ಹಾದುಹೋದರು. ಟರ್ಮಿನಲ್‌ಗಳು ಮೂರು. ಎಮಿರೇಟ್ಸ್ ಸಂಸ್ಥೆಯ ಮನೆಯಾದ ಮೂರನೆಯದು 2008ರ ಅಕ್ಟೋಬರಿನಲ್ಲಿ ತೆರೆಯಿತು. ಇತರ ಹೆಚ್ಚಿನ ಅಂತರರಾಷ್ಟ್ರೀಯ ಸಂಸ್ಥೆಗಳು ಒಂದನೆಯದನ್ನು ಬಳಸುತ್ತವೆ. ಇವೆರಡೂ ರನ್‌ವೇಗಳ ಒಂದು ಬದಿಯಲ್ಲಿ ಅಕ್ಕಪಕ್ಕದಲ್ಲಿವೆ. ಫ್ಲೈದುಬೈಯ ಹೆಚ್ಚಿನ ವಿಮಾನಗಳಿಗೂ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಂಥ ಕಡಿಮೆ ದರದ ಹಲವು ವಿಮಾನಗಳಿಗೂ ಮೀಸಲಾದ ಎರಡನೆಯದು ಮಾತ್ರ ರನ್‌ವೇಗಳ ಆಚೆ ದಡದಲ್ಲಿದೆ. ಅಲ್ಲಿಂದ ಇಲ್ಲಿಗೆ ನಡೆದು ಬರುವ ದಾರಿಯೇ ಇಲ್ಲ.

ಆದ್ದರಿಂದ ದುಬೈ ಚೆನ್ನಾಗಿದೆಯೋ ಎಂಬ ಪ್ರಶ್ನೆಗೆ ಉತ್ತರ, ನೀವು ಯಾವ ಟರ್ಮಿನಲ್‌ನಲ್ಲಿ ಇಳಿದು ಯಾವ ಟರ್ಮಿನಲ್‌ನಲ್ಲಿ ಹತ್ತುತ್ತೀರಿ ಎಂಬುದರ ಮೇಲೆ ನಿಂತಿದೆ. ಮೂರರಲ್ಲಿ ಇಳಿದು ಮೂರರಲ್ಲೇ ಹತ್ತುವವರಿಗೆ, ಅಂದರೆ ಬೆಂಗಳೂರಿನಿಂದ ಎಮಿರೇಟ್ಸ್‌ನಲ್ಲಿ ಬಂದು ಎಮಿರೇಟ್ಸ್‌ನಲ್ಲೇ ಮುಂದುವರಿಯುವವರಿಗೆ, ಇದಕ್ಕಿಂತ ಸಲೀಸಾದ ಜಾಗ ಕಡಿಮೆ. ಗೇಟುಗಳು ಎ, ಬಿ, ಸಿ ಎಂಬ ಮೂರು ಗುಂಪುಗಳಲ್ಲಿವೆ. ಬಿ ನಡುವಿನದು, ಸಿ ಅದಕ್ಕೆ ಅಂಟಿಕೊಂಡಿರುವುದರಿಂದ ನಡೆದೇ ಹೋಗಬಹುದು. 2013ರಲ್ಲಿ ಎ380 ಎಂಬ ಎರಡಂತಸ್ತಿನ ದೊಡ್ಡ ವಿಮಾನಗಳಿಗೆಂದೇ ಕಟ್ಟಿದ ಎ ಗುಂಪು ಪ್ರತ್ಯೇಕ ಕಟ್ಟಡದಲ್ಲಿದ್ದು, ಬಿಯಿಂದ ಅಲ್ಲಿಗೆ ಚಾಲಕರಿಲ್ಲದ ಪುಟ್ಟ ರೈಲು ಓಡುತ್ತದೆ. ರೈಲಿನ ಪ್ರಯಾಣ ಕೆಲವೇ ನಿಮಿಷಗಳದಾದರೂ, ಅದರ ಹಿಂದೆ ಮುಂದೆ ಭದ್ರತಾ ತಪಾಸಣೆ, ಲಿಫ್ಟು, ಉದ್ದನೆಯ ಮೊಗಸಾಲೆಗಳಿವೆ. ಸಿ ಗುಂಪಿನ ತುದಿಯಲ್ಲಿ ಇಳಿದವರಿಗೆ ಎ ಗುಂಪಿನ ತುದಿಯ ಗೇಟು ಸಿಕ್ಕಿದರೆ ಅರ್ಧ ಗಂಟೆಗೂ ಮಿಕ್ಕಿ ಹಿಡಿಯುವುದರಲ್ಲಿ ಅಚ್ಚರಿಯಿಲ್ಲ.

ಗೇಟಿನ ಸಂಖ್ಯೆ ಬೋರ್ಡಿಂಗ್ ಪಾಸಿನ ಮೇಲೆ ಅಚ್ಚಾಗಿದ್ದರೂ ಅದನ್ನೇ ನೆಚ್ಚಬಾರದು. ಬೆಂಗಳೂರಿನಲ್ಲಿ ಅಚ್ಚಾದ ಸಂಖ್ಯೆ ದುಬೈ ತಲುಪುವಷ್ಟರಲ್ಲಿ ಬದಲಾಗಿರಬಹುದು. ಜೊತೆಗೆ ದುಬೈ ನಿಲ್ದಾಣ ಮೌನವ್ರತದ ನಿಲ್ದಾಣ. ನಮ್ಮ ರೈಲು ನಿಲ್ದಾಣಗಳಂತೆ “ಯಾತ್ರಿಕರ ಗಮನಕ್ಕೆ” ಎಂದು ಕೂಗಿ ಕರೆಯುವ ಪದ್ಧತಿ ಅಲ್ಲಿಲ್ಲ. ಪರದೆಯನ್ನು ನೋಡುತ್ತಿರುವ ಜವಾಬ್ದಾರಿ ನಮ್ಮದೇ. ಹೊರಡುವ ಸಮಯಕ್ಕೆ ಇಪ್ಪತ್ತು ನಿಮಿಷ ಮೊದಲೇ ಗೇಟು ಮುಚ್ಚುತ್ತದೆ, ಹಾಗಾಗಿ ಕುರ್ಚಿಯಲ್ಲಿ ಕುಳಿತು ಕರೆ ಬರಲೆಂದು ಕಾದವರು ಕಾಯುತ್ತಲೇ ಇರಬೇಕಾದೀತು.

ಇನ್ನು ಎರಡನೇ ಟರ್ಮಿನಲ್‌ನ ಮಾತು. ಎಮಿರೇಟ್ಸ್ ಮತ್ತು ಫ್ಲೈದುಬೈ 2017ರಿಂದ ಸಹಭಾಗಿತ್ವದಲ್ಲಿ ಟಿಕೆಟ್ ಮಾರುತ್ತಿರುವುದರಿಂದ ಬೆಂಗಳೂರಿನಿಂದ ಮೂರನೆಯದಕ್ಕೆ ಬಂದು ಎರಡನೆಯದರಿಂದ ಹೊರಡುವ ಜೋಡಣೆ ಒಂದೇ ಟಿಕೆಟ್ಟಿನಲ್ಲಿ ಸಿಗುತ್ತದೆ. ಮಧ್ಯ ಏಷ್ಯಾಕ್ಕೋ ಪೂರ್ವ ಯುರೋಪಿಗೋ ಹೋಗುವವರಿಗೆ ಹೀಗಾಗುವ ಸಂಭವ ಹೆಚ್ಚು. ಟಿಕೆಟ್ ಒಂದೇ ಆದ್ದರಿಂದ ಲಗೇಜಿನ ಚಿಂತೆಯಿಲ್ಲ, ನಿಲ್ದಾಣದ ಒಳಗಿನಿಂದಲೇ ಉಚಿತ ಬಸ್ಸು ರನ್‌ವೇಯನ್ನು ಸುತ್ತಿಕೊಂಡು ಆಚೆಗೆ ಮುಟ್ಟಿಸುತ್ತದೆ. ಆದರೆ ಬಸ್ಸಿಗೆ ಕಾಯುವುದು, ಅದರ ಓಟ, ಮತ್ತೊಮ್ಮೆ ತಪಾಸಣೆ ಎಲ್ಲ ಸೇರಿ ಒಂದು ಗಂಟೆಗಿಂತ ಹೆಚ್ಚು ತಿನ್ನಬಹುದು. ಫ್ಲೈದುಬೈಯ ಕೆಲವು ವಿಮಾನಗಳು ಮೂರನೆಯದರಿಂದಲೇ ಹೊರಡುವುದರಿಂದ, ಒಂದೇ ಊರಿಗೆ ಎರಡು ಸಮಯಗಳಿದ್ದರೆ ಮೂರನೆಯದರಿಂದ ಹೊರಡುವುದನ್ನು ಆರಿಸಿಕೊಳ್ಳುವುದು ಮೇಲು. ಒಂದನೆಯದರ ಗೇಟುಗಳು 2016ರಲ್ಲಿ ತೆರೆದ ಡಿ ಎಂಬ ಕಟ್ಟಡದಲ್ಲಿವೆ. ಅಲ್ಲಿಗೂ ರೈಲಿದೆ. ಒಂದರಿಂದ ಮೂರಕ್ಕೆ ಬದಲಿಸುವವರು ಮಾತ್ರ ಮೂರರೊಳಗೇ ಬದಲಿಸುವವರಿಗಿಂತ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳುವುದು ಕ್ಷೇಮ.

ಅಬುಧಾಬಿ: ಒಂದೇ ಸೂರು, ಅಮೆರಿಕದ ಹೊಸ್ತಿಲು

ಅಬುಧಾಬಿಯ ನಿಲ್ದಾಣವನ್ನು ಹತ್ತು ವರ್ಷದ ಹಿಂದೆ ಕಂಡವರು ಆ ನೆನಪನ್ನು ಬದಿಗಿಡಬೇಕು. 2023ರ ನವೆಂಬರಿನಲ್ಲಿ ತೆರೆದ ಹೊಸ ಟರ್ಮಿನಲ್ ಎ ಹಳೆಯ ಕಟ್ಟಡಗಳ ಇಕ್ಕಟ್ಟನ್ನು ಮರೆಸಿದೆ. 2024ರ ಫೆಬ್ರವರಿಯಲ್ಲಿ ನಿಲ್ದಾಣಕ್ಕೆ ಜಾಯೆದ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಎಂಬ ಹೆಸರೂ ಬಂತು. 7.42 ಲಕ್ಷ ಚದರ ಮೀಟರಿನ, ವರ್ಷಕ್ಕೆ 4.5 ಕೋಟಿ ಜನರನ್ನು ನಿಭಾಯಿಸಬಲ್ಲ ಈ ಕಟ್ಟಡದ ಆಕಾರ ಇಂಗ್ಲಿಷಿನ ಎಕ್ಸ್ ಅಕ್ಷರದಂತಿದೆ. ನಡುವೆ ದೊಡ್ಡ ಹಜಾರ, ಅದರಿಂದ ಚಾಚಿದ ನಾಲ್ಕು ತೋಳುಗಳು. ದಾರಿ ತಪ್ಪಿದವರು ನಡುವಿನ ಹಜಾರಕ್ಕೆ ಮರಳಿದರೆ ಸಾಕು, ಎಲ್ಲ ತೋಳುಗಳೂ ಅಲ್ಲಿಂದಲೇ ಕಾಣುತ್ತವೆ. ರೈಲಿಲ್ಲ, ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಬಸ್ಸಿಲ್ಲ. ಎಲ್ಲ ಸಂಸ್ಥೆಗಳೂ ಒಂದೇ ಸೂರಿನಡಿ ಇರುವುದರಿಂದ ಮೊದಲ ಸಲ ಹೊರದೇಶಕ್ಕೆ ಹೊರಟವರಿಗೆ, ವಯಸ್ಸಾದವರಿಗೆ, ಚಿಕ್ಕ ಮಕ್ಕಳೊಂದಿಗೆ ಹೋಗುವವರಿಗೆ ನಾನು ದುಬೈಗಿಂತ ಇದನ್ನೇ ಹೇಳುತ್ತೇನೆ. ಕೊರತೆಯೆಂದರೆ ವಿಮಾನಗಳ ಸಂಖ್ಯೆ. ಎತಿಹಾದ್ ಹಾರುವ ಊರುಗಳು ಎಮಿರೇಟ್ಸ್ ಹಾರುವ ಊರುಗಳಿಗಿಂತ ಕಡಿಮೆ, ಒಂದು ವಿಮಾನ ತಪ್ಪಿದರೆ ಅದೇ ಊರಿಗೆ ಮತ್ತೊಂದು ಅದೇ ದಿನ ಇಲ್ಲದಿರುವ ಸಂಭವ ಹೆಚ್ಚು.

ಅಮೆರಿಕಕ್ಕೆ ಹೋಗುವವರಿಗೆ ಅಬುಧಾಬಿಯ ದೊಡ್ಡ ವಿಶೇಷ ಬೇರೆಯೇ ಇದೆ. 2014ರಿಂದ ಅಮೆರಿಕದ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ತಪಾಸಣೆಯ ಕೇಂದ್ರವೊಂದು ಇಲ್ಲಿದೆ. ಮಧ್ಯಪ್ರಾಚ್ಯದಲ್ಲಿ ಇಂಥದ್ದು ಇನ್ನೆಲ್ಲಿಯೂ ಇಲ್ಲ. ಎತಿಹಾದ್‌ನಲ್ಲಿ ನ್ಯೂಯಾರ್ಕಿಗೋ ಷಿಕಾಗೊಗೋ ಹೊರಟವರು ವಿಮಾನ ಹತ್ತುವ ಮೊದಲೇ ಅಮೆರಿಕದ ಅಧಿಕಾರಿಗಳ ಮುಂದೆ ನಿಂತು, ಬೆರಳಚ್ಚು ಕೊಟ್ಟು, ಪ್ರಶ್ನೆಗಳಿಗೆ ಉತ್ತರಿಸಿ ಮುದ್ರೆ ಹಾಕಿಸಿಕೊಳ್ಳುತ್ತಾರೆ. ಆಚೆ ಇಳಿದಾಗ ಅವರು ದೇಶದೊಳಗಿನ ವಿಮಾನದಲ್ಲಿ ಬಂದವರಂತೆ ಸೀದಾ ಹೊರಗೆ ನಡೆಯಬಹುದು. ನ್ಯೂಯಾರ್ಕಿನಿಂದ ಮುಂದೆ ಇನ್ನೊಂದು ಸಣ್ಣ ಊರಿಗೆ ವಿಮಾನ ಹಿಡಿಯಬೇಕಾದವರಿಗೆ ಇದು ವರದಾನವೇ ಸರಿ, ಏಕೆಂದರೆ ಹದಿನಾಲ್ಕು ಗಂಟೆ ಕುಳಿತು ಬಂದ ಮೇಲೆ ಇಮಿಗ್ರೇಷನ್ ಸಾಲಿನಲ್ಲಿ ನಿಂತು ಗಡಿಯಾರ ನೋಡುವ ಸಂಕಟ ತಪ್ಪುತ್ತದೆ. ಮೊದಲ ಸಲ ವಿದ್ಯಾರ್ಥಿ ವೀಸಾದ ಮೇಲೆ ಹೋಗುವವರು ಕಾಲೇಜಿನ ಕಾಗದಪತ್ರಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕೆಂಬ ಮಾತು ಎಲ್ಲೆಡೆ ಸಲ್ಲುವುದಾದರೂ ಇಲ್ಲಿ ಇನ್ನೂ ಹೆಚ್ಚು ಸಲ್ಲುತ್ತದೆ.

ಇದರ ಬೆಲೆ ಸಮಯ. ಮಾಮೂಲಿ ಭದ್ರತಾ ತಪಾಸಣೆಯ ಮೇಲೆ ಅಮೆರಿಕದವರ ತಪಾಸಣೆ, ಅದರ ಮೇಲೆ ಸಂದರ್ಶನ. ಒಂದೇ ವೇಳೆಗೆ ಎರಡು ಅಮೆರಿಕ ವಿಮಾನಗಳಿದ್ದರೆ ಸಾಲು ಇನ್ನೂ ಉದ್ದ. ಅಂತರ ಎರಡು ಗಂಟೆಗಿಂತ ಕಡಿಮೆಯಿದ್ದರೆ ಅಂಗಡಿಗಳ ಕಡೆ ಕಣ್ಣು ಹಾಯಿಸದೆ ಇಳಿದ ಕೂಡಲೇ ಆ ಕಡೆಗೆ ಹೆಜ್ಜೆ ಹಾಕಬೇಕು. ಮೂರು ಗಂಟೆಯಿದ್ದರೆ ನಿರುಮ್ಮಳ. ಊಟ, ಕಾಫಿ ಏನಿದ್ದರೂ ಈ ಕೇಂದ್ರ ಹೊಕ್ಕುವ ಮೊದಲೇ ಮುಗಿಸಿಕೊಳ್ಳುವುದು ಲೇಸು.

ಶಾರ್ಜಾ: ಚಿಕ್ಕದು, ಅಗ್ಗದ್ದು, ತನ್ನ ಮಿತಿಯಲ್ಲಿ ಒಳ್ಳೆಯದು

ಮೂರರಲ್ಲಿ ಅತಿ ಹಳೆಯ ವಾಯುಯಾನದ ನಂಟು ಶಾರ್ಜಾದ್ದು ಎಂದರೆ ಹಲವರು ನಂಬುವುದಿಲ್ಲ. 1932ರಲ್ಲೇ ಇಂಗ್ಲೆಂಡ್‌ನಿಂದ ಭಾರತದ ಕಡೆಗೆ ಬರುವ ಇಂಪೀರಿಯಲ್ ಏರ್‌ವೇಸ್ ವಿಮಾನಗಳು ಇಲ್ಲಿ ತಂಗುತ್ತಿದ್ದವು, ಪ್ರಯಾಣಿಕರ ತಂಗುಮನೆಯಾಗಿದ್ದ ಕೋಟೆ ಈಗ ವಸ್ತುಸಂಗ್ರಹಾಲಯವಾಗಿದೆ. ಇಂದಿನ ನಿಲ್ದಾಣ ಬೇರೆ ಕಡೆ ಇದೆ, ಅದು 2003ರಲ್ಲಿ ಹಾರಾಟ ಆರಂಭಿಸಿದ ಏರ್ ಅರೇಬಿಯಾದ ನೆಲೆ. ಬೆಂಗಳೂರಿನಿಂದ ಏರ್ ಅರೇಬಿಯಾದಲ್ಲಿ ಬಂದು ಏರ್ ಅರೇಬಿಯಾದಲ್ಲೇ ಟಿಬಿಲಿಸಿ, ಬಾಕು, ಅಲ್ಮಾಟಿಗಳಿಗೆ ಹೋಗುವವರಿಗೆ ಒಂದೇ ಟಿಕೆಟ್ ಸಿಗುತ್ತದೆ. ಜಾರ್ಜಿಯಾದಲ್ಲಿ ವೈದ್ಯಕೀಯ ಓದುವ ನಮ್ಮ ಮಕ್ಕಳಲ್ಲಿ ಹಲವರಿಗೆ ಈ ಹಾದಿ ಚಿರಪರಿಚಿತ. ಟರ್ಮಿನಲ್ ಒಂದೇ, ದೂರ ಕಡಿಮೆ, ದಾರಿ ತಪ್ಪುವ ಭಯವಿಲ್ಲ. ಅದಕ್ಕೆ ತಕ್ಕಂತೆ ಕುರ್ಚಿಗಳೂ ಅಂಗಡಿಗಳೂ ಕಡಿಮೆ, ಹತ್ತು ಗಂಟೆ ಕಾಯುವವರಿಗೆ ಅಲ್ಲಿ ಹೊತ್ತು ಸಾಗುವುದಿಲ್ಲ. ಟಿಕೆಟ್ಟಿನ ದರದಲ್ಲಿ ಲಗೇಜಿನ ತೂಕ ಎಷ್ಟು ಸೇರಿದೆ, ಊಟ ಸೇರಿದೆಯೇ ಎಂಬುದನ್ನು ನೋಡಿಕೊಂಡೇ ಇತರ ಸಂಸ್ಥೆಗಳ ದರದೊಂದಿಗೆ ಹೋಲಿಸಬೇಕು. ಮೂವತ್ತು ಕಿಲೋ ಲಗೇಜಿನ ಹಣ ಸೇರಿಸಿದ ಮೇಲೆ ಅಗ್ಗದ ಟಿಕೆಟ್ ಅಗ್ಗವಾಗಿ ಉಳಿಯದ ನಿದರ್ಶನಗಳು ಬೇಕಾದಷ್ಟಿವೆ.

ಒಂದು ಊರಿನಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವ ಯೋಜನೆ, ಉದಾಹರಣೆಗೆ ಶಾರ್ಜಾಕ್ಕೆ ಬಂದು ದುಬೈಯಿಂದ ಹೊರಡುವುದು, ನಕ್ಷೆಯಲ್ಲಿ ಬೆರಳಗಲದ ದೂರ ಕಂಡು ಹುಟ್ಟುವಂಥದ್ದು. ಶಾರ್ಜಾ ಮತ್ತು ದುಬೈ ನಡುವಿನ ರಸ್ತೆ ಬೆಳಿಗ್ಗೆ, ಸಂಜೆ ಹೇಗಿರುತ್ತದೆಂದು ತಿಳಿಯಬೇಕಾದರೆ ಶಾರ್ಜಾದಲ್ಲಿ ಮನೆ ಮಾಡಿಕೊಂಡು ದುಬೈಯಲ್ಲಿ ಕೆಲಸ ಮಾಡುವ ನಮ್ಮ ಕರಾವಳಿಯ ಯಾರಾದರೂ ಸಂಬಂಧಿಕರನ್ನು ಕೇಳಬೇಕು. ಸಿಲ್ಕ್ ಬೋರ್ಡ್ ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅಬುಧಾಬಿಯಿಂದ ದುಬೈ ನಿಲ್ದಾಣಕ್ಕೆ ನೂರು ಕಿಲೋಮೀಟರಿಗೂ ಹೆಚ್ಚಿನ ದೂರ. ದುಬೈಯಲ್ಲಿಯೇ ಇನ್ನೊಂದು ನಿಲ್ದಾಣವಿದೆ ಎಂಬುದನ್ನೂ ಮರೆಯಬಾರದು: ಮರುಭೂಮಿಯೊಳಗಿನ ಅಲ್ ಮಕ್ತೂಮ್ ನಿಲ್ದಾಣ, ಹಳೆಯದರಿಂದ ಐವತ್ತು ಕಿಲೋಮೀಟರಿಗೂ ಆಚೆ. ಟಿಕೆಟ್ಟಿನಲ್ಲಿ ಬರಿದೇ ದುಬೈ ಎಂದಿದ್ದರೆ ಮೂರಕ್ಷರದ ಸಂಕೇತ ನೋಡಬೇಕು. ಡಿಎಕ್ಸ್‌ಬಿ ಎಂದಿದ್ದರೆ ಹಳೆಯದು, ಡಿಡಬ್ಲ್ಯುಸಿ ಎಂದಿದ್ದರೆ ಮರುಭೂಮಿಯದು.

ಅಂತರ ಎಷ್ಟಿರಬೇಕು

ಮೊದಲಿಗೆ ಗಡಿಯಾರದ ಲೆಕ್ಕ. ಯುಎಇ ನಮಗಿಂತ ಒಂದೂವರೆ ಗಂಟೆ ಹಿಂದಿದೆ, ಟಿಕೆಟ್ಟಿನಲ್ಲಿ ಅಚ್ಚಾಗಿರುವುದು ಆಯಾ ಊರಿನ ಸಮಯ. ಕೊಲ್ಲಿಯ ಈ ದೊಡ್ಡ ನಿಲ್ದಾಣಗಳಲ್ಲಿ ವಿಮಾನಗಳು ಅಲೆ ಅಲೆಯಾಗಿ ಬರುತ್ತವೆ. ಭಾರತದ ಕಡೆಯಿಂದ ಬರುವವೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಇಳಿಯುತ್ತವೆ, ಒಂದೆರಡು ಗಂಟೆಗಳ ನಂತರ ಯುರೋಪ್, ಅಮೆರಿಕದ ಕಡೆಗೆ ಹೋಗುವವು ಸಾಲುಸಾಲಾಗಿ ಏಳುತ್ತವೆ. ಪ್ರಯಾಣಿಕರನ್ನು ಅದಲುಬದಲು ಮಾಡುವ ಈ ಕೂಟ ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ ಮತ್ತು ಬೆಳಗಿನ ಹೊತ್ತಿನಲ್ಲಿ ನಡೆಯುತ್ತದೆ. ರಾತ್ರಿ ಎರಡು ಗಂಟೆಗೆ ದುಬೈಯ ಮೂರನೇ ಟರ್ಮಿನಲ್ ನಮ್ಮ ಜಾತ್ರೆಯ ಪೇಟೆಯಂತೆ ತುಂಬಿರುವುದಕ್ಕೆ ಕಾರಣ ಇದೇ. ಭದ್ರತಾ ಸಾಲು ಅತಿ ಉದ್ದವಾಗಿರುವ ಹೊತ್ತಿನಲ್ಲಿಯೇ ನಾವೂ ಅಲ್ಲಿರುತ್ತೇವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಂದೇ ಟಿಕೆಟ್ಟಿನಲ್ಲಿ ಸಂಸ್ಥೆಗಳು ಮಾರುವ ಕನಿಷ್ಠ ಅಂತರ ನಿಯಮಕ್ಕೆ ತಕ್ಕದ್ದೇ ಆಗಿರುತ್ತದೆ, ಆದರೆ ಅದು ಎಲ್ಲವೂ ಸರಿಯಾಗಿ ನಡೆದ ದಿನದ ಲೆಕ್ಕ. ನನ್ನ ಅಳತೆ ಇದು: ದುಬೈಯ ಮೂರರಿಂದ ಮೂರಕ್ಕೆ ಎರಡೂವರೆ ಗಂಟೆ, ಎರಡನೇ ಟರ್ಮಿನಲ್ ಸೇರಿಕೊಂಡರೆ ನಾಲ್ಕು ಗಂಟೆ, ಅಬುಧಾಬಿಯಲ್ಲಿ ಎರಡು ಗಂಟೆ, ಅಲ್ಲಿಂದ ಅಮೆರಿಕಕ್ಕಾದರೆ ಮೂರು, ಶಾರ್ಜಾದಲ್ಲಿ ಎರಡು. ಎರಡು ಪ್ರತ್ಯೇಕ ಟಿಕೆಟ್ ಇಟ್ಟುಕೊಂಡವರಿಗೆ, ಕೈಯಲ್ಲಿ ವೀಸಾ ಇದ್ದಾಗಲೂ, ಏಳೆಂಟು ಗಂಟೆಗಿಂತ ಕಡಿಮೆ ಹೇಳಲು ನನಗೆ ಧೈರ್ಯವಿಲ್ಲ.

ಮರುಭೂಮಿಯಲ್ಲಿ ಮಳೆ ಮೋಡಗಳ ಕಾಟವಿಲ್ಲ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಚಳಿಗಾಲದ ತಿಂಗಳುಗಳಲ್ಲಿ ಸಮುದ್ರದ ತೇವ ಮತ್ತು ರಾತ್ರಿ ತಣ್ಣಗಾದ ಮರಳು ಸೇರಿ ಮುಂಜಾವಿನಲ್ಲಿ ದಟ್ಟ ಮಂಜು ಕವಿಯುತ್ತದೆ, ವಿಮಾನಗಳು ತಡವಾಗುವುದೂ ಬೇರೆಡೆಗೆ ತಿರುಗುವುದೂ ಆಗ ಹೊಸತಲ್ಲ. 2024ರ ಏಪ್ರಿಲ್ 16ರಂದು ಯುಎಇಯಲ್ಲಿ ಎಪ್ಪತ್ತೈದು ವರ್ಷಗಳ ದಾಖಲೆಯಲ್ಲೇ ಕಾಣದ ಮಳೆ ಸುರಿದು, ಅಲ್ ಐನ್ ಬಳಿಯ ಒಂದು ಕಡೆ ಒಂದೇ ದಿನದೊಳಗೆ 254 ಮಿಲಿಮೀಟರ್ ದಾಖಲಾಯಿತು. ದುಬೈಯ ರನ್‌ವೇಯ ಸುತ್ತ ನೀರು ನಿಂತು ನೂರಾರು ವಿಮಾನಗಳು ರದ್ದಾದವು. ಅಂಥ ದಿನಗಳಲ್ಲಿ ಒಂದೇ ಟಿಕೆಟ್ ಇದ್ದವರಿಗೂ ಕಷ್ಟವಾಯಿತು, ನಿಜ. ಆದರೆ ಅವರು ಸಾಲಿನಲ್ಲಿ ನಿಂತಿದ್ದು ಬದಲಿ ವಿಮಾನಕ್ಕೆ. ಎರಡು ಟಿಕೆಟ್ಟಿನವರು ನಿಲ್ಲಬೇಕಾದದ್ದು ಹೊಸ ಟಿಕೆಟ್ ಕೊಳ್ಳುವುದಕ್ಕೆ.

ಅಂತರ ಹತ್ತು ಹನ್ನೆರಡು ಗಂಟೆಯಿದ್ದರೆ ಹೊರಗೆ ಹೋಗಬಹುದೇ ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ದುಬೈಗೆ ಸಾಟಿಯಿಲ್ಲ. ಒಂದು ಮತ್ತು ಮೂರನೇ ಟರ್ಮಿನಲ್‌ಗಳ ಬಾಗಿಲಲ್ಲೇ ಮೆಟ್ರೊದ ಕೆಂಪು ಮಾರ್ಗದ ನಿಲ್ದಾಣಗಳಿವೆ, ಬುರ್ಜ್ ಖಲೀಫಾದ ಬಳಿಗೆ ಅರ್ಧ ಗಂಟೆಯಲ್ಲಿ ತಲುಪಬಹುದು. ನಡುರಾತ್ರಿಯ ನಂತರ ಮಾತ್ರ ರೈಲುಗಳಿರುವುದಿಲ್ಲ, ಆಗ ಟ್ಯಾಕ್ಸಿಯೇ ಗತಿ, ನಿಲ್ದಾಣದಿಂದ ಅದರ ಮೀಟರ್ 25 ದಿರ್ಹಮ್‌ನಿಂದಲೇ ಶುರುವಾಗುತ್ತದೆ. ಅಬುಧಾಬಿಗೂ ಶಾರ್ಜಾಕ್ಕೂ ಮೆಟ್ರೊ ಇಲ್ಲ. ಭಾರತೀಯ ಪಾಸ್‌ಪೋರ್ಟಿನವರಿಗೆ ಹೊರಗೆ ಹೋಗಲು ವೀಸಾ ಬೇಕು: ಯುಎಇಯ ವಿಮಾನ ಸಂಸ್ಥೆಗಳ ಮೂಲಕ ಮುಂಚಿತವಾಗಿ ಪಡೆಯುವ 48 ಮತ್ತು 96 ಗಂಟೆಗಳ ಟ್ರಾನ್ಸಿಟ್ ವೀಸಾ ಒಂದು ದಾರಿ, ಅಮೆರಿಕದ ಚಾಲ್ತಿ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದವರು ಅಲ್ಲಿಯೇ ಇಳಿದು ಪಡೆಯುವುದು ಇನ್ನೊಂದು.

ಬಾಣಂತನಕ್ಕೆ ಹೊರಟ ತಾಯಂದಿರು

ಈ ಹಾದಿಯಲ್ಲಿ ಒಬ್ಬರೇ ಹೋಗುವ ಕನ್ನಡದ ಹಿರಿಯರಲ್ಲಿ ಬಹುಪಾಲು ಮಗಳ ಅಥವಾ ಸೊಸೆಯ ಬಾಣಂತನಕ್ಕೆ ಹೊರಟ ತಾಯಂದಿರು. ಅವರಿಗೆ ಟಿಕೆಟ್ ಮಾಡುವ ಮಕ್ಕಳು ದರಕ್ಕಿಂತ ಟರ್ಮಿನಲ್‌ಗೆ ಹೆಚ್ಚು ಬೆಲೆ ಕೊಡಬೇಕು, ಟಿಕೆಟ್ ಕೊಳ್ಳುವಾಗಲೇ ಗಾಲಿಕುರ್ಚಿಯ ನೆರವನ್ನು ಕೋರಬೇಕು. ಅಮ್ಮನಿಗೆ ನಡೆಯಲು ಬರುತ್ತದೆ, ಗಾಲಿಕುರ್ಚಿ ಏಕೆ ಎಂದು ಸಂಕೋಚಪಡಬೇಕಾಗಿಲ್ಲ. ದೂರ ನಡೆಯಲಾರದ ಹಿರಿಯರಿಗೆಂದೇ ಇರುವ ಸೌಲಭ್ಯವಿದು, ತಳ್ಳುವವರು ಗೇಟಿನವರೆಗೂ ಮುಟ್ಟಿಸುತ್ತಾರೆ.

ಎರಡು ಸಣ್ಣ ಸಂಗತಿಗಳನ್ನು ಮೊದಲೇ ಹೇಳಿ ಕಳಿಸಿದರೆ ದೊಡ್ಡ ಗಾಬರಿ ತಪ್ಪುತ್ತದೆ. ಯುಎಇಯಲ್ಲಿ ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಹೋಗುತ್ತದೆ, ಕರೆ ಮಾತ್ರ ಸಾಮಾನ್ಯವಾಗಿ ಹೋಗುವುದಿಲ್ಲ. ದುಬೈಯಲ್ಲಿಳಿದ ನಮ್ಮ ಅತ್ತೆಯವರು ಉಚಿತ ವೈಫೈ ಹಿಡಿದು ಆರು ಸಲ ಕರೆ ಮಾಡಿ, ಆರು ಸಲವೂ ಆಚೆಯಿಂದ ಸದ್ದಿಲ್ಲದೆ, ಮಗಳಿಗೆ ಏನೋ ಆಗಿದೆಯೆಂದು ಕುಳಿತಲ್ಲೇ ಕಣ್ಣೀರಿಟ್ಟಿದ್ದರು. ಪಕ್ಕದಲ್ಲಿದ್ದ ಕೇರಳದ ನರ್ಸೊಬ್ಬರು “ಟೈಪ್ ಮಾಡಿ ಅಮ್ಮಾ” ಎಂದು ಫೋನನ್ನು ತಿರುಗಿಸಿ ತೋರಿಸಿದ ಮೇಲೆ ಸಮಾಧಾನವಾಯಿತು. ಎರಡನೆಯದು ಚಾರ್ಜರಿನ ಪಿನ್ನು. ಅಲ್ಲಿಯದು ಚಪ್ಪಟೆಯಾದ ಮೂರು ಪಿನ್ನಿನ ಬ್ರಿಟಿಷ್ ಮಾದರಿ, ನಮ್ಮ ದುಂಡು ಪಿನ್ನು ಅದಕ್ಕೆ ಕೂರುವುದಿಲ್ಲ. ಹಾಗೆಂದು ಪವರ್ ಬ್ಯಾಂಕನ್ನು ನೆಚ್ಚಿಕೊಳ್ಳುವಂತೆಯೂ ಇಲ್ಲ. 2025ರ ಅಕ್ಟೋಬರಿನಿಂದ ಎಮಿರೇಟ್ಸ್‌ನಲ್ಲಿ ಒಬ್ಬರಿಗೆ ಒಂದೇ ಪವರ್ ಬ್ಯಾಂಕು, ಅದನ್ನು ವಿಮಾನದೊಳಗೆ ಬಳಸುವಂತಿಲ್ಲ.

ಲಗೇಜಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬಾಣಂತಿಗೆಂದು ಮನೆಯಲ್ಲಿ ಕಟ್ಟುವ ಡಬ್ಬಿಗಳಲ್ಲಿ ಅಂಟಿನುಂಡೆ ಇರುತ್ತದೆ, ಅಂಟಿನುಂಡೆಯಲ್ಲಿ ಹಲವು ಮನೆಗಳಲ್ಲಿ ಗಸಗಸೆ ಹಾಕುತ್ತಾರೆ. ಪಾಯಸಕ್ಕೆಂದು ಬೇರೆ ಪೊಟ್ಟಣವೂ ಇರಬಹುದು. ಯುಎಇಯಲ್ಲಿ ಗಸಗಸೆ ನಿಷಿದ್ಧ ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ, ಅದನ್ನು ತಂದವರು ಜೈಲು ಕಂಡ ಪ್ರಸಂಗಗಳೂ ನಡೆದಿವೆ. ಮುಂದಿನ ಊರಿಗೆ ಹೋಗುವವರು ಎಂಬುದು ಇದಕ್ಕೆ ವಿನಾಯಿತಿಯಲ್ಲ. ಗಸಗಸೆ ಬಿಟ್ಟು ಉಂಡೆ ಕಟ್ಟಬೇಕು. ಕೊಡೀನ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಿಗೂ ಕಟ್ಟುನಿಟ್ಟಿನ ನಿಯಮಗಳಿರುವುದರಿಂದ ಅಂಥವಿದ್ದರೆ ವೈದ್ಯರ ಚೀಟಿ ಮತ್ತು ಮುಂಗಡ ಅನುಮತಿಯ ವಿಚಾರವನ್ನು ಹೊರಡುವ ಮೊದಲೇ ನೋಡಿಕೊಳ್ಳಬೇಕು. ದುಬೈಯಲ್ಲಿ 2017ರಿಂದ ದುಂಡನೆಯ ಗಂಟುಗಳನ್ನೂ ಸಮತಟ್ಟಾದ ಒಂದು ಮೈಯೂ ಇಲ್ಲದ ಮೂಟೆಗಳನ್ನೂ ಚೆಕ್-ಇನ್‌ನಲ್ಲಿ ಒಪ್ಪಿಕೊಳ್ಳುವುದಿಲ್ಲ, ಏಕೆಂದರೆ ಅವು ಲಗೇಜಿನ ಬೆಲ್ಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಬೆಂಗಳೂರಿನಲ್ಲಿ ಲಗೇಜು ಒಪ್ಪಿಸಿದ ಕೂಡಲೇ ಅದಕ್ಕೆ ಸುತ್ತಿದ ಟ್ಯಾಗಿನ ಮೇಲೆ ಕೊನೆಯ ಊರಿನ ಸಂಕೇತವಿದೆಯೇ ಎಂದು ನೋಡಿ, ಅಂಟಿಸಿಕೊಟ್ಟ ಚೀಟಿಯನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ, ಮುಂದೆ ಯಾರು ಕೇಳಿದರೂ ತೋರಿಸಲು ಕೈಯಲ್ಲಿ ದಾಖಲೆ ಇರುತ್ತದೆ.

ಹಿಂದಿರುಗುವ ಟಿಕೆಟ್ಟನ್ನು ಪ್ರತ್ಯೇಕವಾಗಿಯೇ ಪರಿಶೀಲಿಸಬೇಕು. ಹೋಗುವಾಗ ಮೂರರಿಂದ ಮೂರಕ್ಕೆ ಸಲೀಸಾಗಿ ದಾಟಿದವರಿಗೆ ಬರುವಾಗ ಎರಡನೇ ಟರ್ಮಿನಲ್ ಎದುರಾಗಬಹುದು. ಅಬುಧಾಬಿಯಲ್ಲಿ ಅಮೆರಿಕದ ತಪಾಸಣೆಗೆಂದು ಇಟ್ಟುಕೊಂಡ ಮೂರು ಗಂಟೆ ಬರುವಾಗ ಬೇಕಾಗುವುದಿಲ್ಲ, ಆ ತಪಾಸಣೆ ಅಮೆರಿಕಕ್ಕೆ ಹೋಗುವವರಿಗೆ ಮಾತ್ರ ಇರುವುದು. ಹೊರಟ ಊರಿನ ನಿಲ್ದಾಣದಲ್ಲಿ ಕೊಂಡ ಸುಗಂಧದ ಬಾಟಲಿಯನ್ನು ಅಂಗಡಿಯವರು ಮೊಹರು ಮಾಡಿ ಕೊಟ್ಟ ಚೀಲದಲ್ಲೇ, ರಸೀದಿಯೊಂದಿಗೆ, ಬೆಂಗಳೂರು ಮುಟ್ಟುವವರೆಗೂ ಬಿಚ್ಚದೆ ಇಟ್ಟುಕೊಳ್ಳಬೇಕು, ಏಕೆಂದರೆ ಮಧ್ಯದ ಊರಿನ ಭದ್ರತಾ ತಪಾಸಣೆಯಲ್ಲಿ ಬಿಚ್ಚಿದ ಬಾಟಲಿ ಕಸದ ಡಬ್ಬಿಗೇ ಹೋಗುತ್ತದೆ.